ಒಂದು ಬೈಕಿಗೆ ಅರ್ಧ ಎಕರೆ ಗೋವಿನಜೋಳ! ಎಥೆನಾಲೋ, ಕರೆಂಟ್ ಗಾಡಿಯೋ?

ಹೋದ ತಿಂಗಳು ನಮ್ಮ ಮನೆಯಲ್ಲಿ ಸಣ್ಣ ಜಗಳವೇ ಆಯ್ತು. ಹನ್ನೆರಡು ವರ್ಷದ ಹಳೇ ಬೈಕ್ ಮಾರಿ ಕರೆಂಟ್ ಸ್ಕೂಟರ್ ತಗೊಳ್ಳೋಣ ಅಂದೆ. ತಮ್ಮ ಸಿಟ್ಟಾದ. "ಅಣ್ಣಾ, ನಾವು ಬೆಳಿಯೂದು ಗೋವಿನಜೋಳ. ಅದು ಎಥೆನಾಲ್ ಆಗಿ ಪೆಟ್ರೋಲಿನ್ಯಾಗ ಕೂಡಾಕತ್ತೈತಿ. ರೈತರ ಕರೆಂಟ್ ಗಾಡಿ ಓಡ್ಸಿದ್ರ ನಮ್ಮ ಮಾಲು ಕೇಳೋರ್ಯಾರು?"

ಹಾವೇರಿ ಕಡೆಯ ನಮಗೆ ಇದು ತಮಾಷೆಯ ಮಾತಲ್ಲ. ನಾಲ್ಕು ಎಕರೆಯಲ್ಲಿ ಮೂರು ಎಕರೆ ಅದೇ ಬೆಳೆ. ಅದಕ್ಕೇ ರಾತ್ರಿ ಪೆನ್ನು ಹಿಡಿದು ಲೆಕ್ಕ ಹಾಕಿದೆ.

ಒಂದು ಕ್ವಿಂಟಲ್ ಗೋವಿನಜೋಳದಿಂದ ಸುಮಾರು 38 ಲೀಟರ್ ಎಥೆನಾಲ್ ಬರುತ್ತದೆ. ಮಳೆ ಚೆನ್ನಾಗಿ ಆದ ವರ್ಷ ನಮ್ಮಲ್ಲಿ ಎಕರೆಗೆ 24 ಕ್ವಿಂಟಲ್ ಇಳುವರಿ. ಅಂದರೆ ಎಕರೆಗೆ ಹತ್ತಿರ ಹತ್ತಿರ 910 ಲೀಟರ್. ಆದರೆ ಎಥೆನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಲೀಟರಿಗೆ 50 ಕಿ.ಮೀ. ಕೊಡುವ ಬೈಕ್ ಬರೀ ಎಥೆನಾಲಿನಲ್ಲೇ ಓಡಿತು ಅಂದುಕೊಳ್ಳಿ, 33 ಕಿ.ಮೀ. ಕೊಟ್ಟೀತು. ಹಾಲಿನ ಡೇರಿ, ಹೊಲ, ಪೇಟೆ ಅಂತ ನಾನು ದಿನಕ್ಕೆ 40 ಕಿ.ಮೀ. ತಿರುಗ್ತೀನಿ. ವರ್ಷಕ್ಕೆ 440 ಲೀಟರ್ ಬೇಕು. ನನ್ನ ಒಂದು ಬೈಕ್ ಅರ್ಧ ಎಕರೆ ಬೆಳೆ ತಿನ್ನುತ್ತೆ! ಎಥೆನಾಲ್ ತೆಗೆದ ಮೇಲೆ ಉಳಿಯುವ ಹಿಂಡಿ, ಕ್ವಿಂಟಲಿಗೆ ಸುಮಾರು 30 ಕೆ.ಜಿ., ದನಕ್ಕೂ ಕೋಳಿಗೂ ಮೇವಾಗುತ್ತದೆ ಅನ್ನೋದನ್ನೂ ಸೇರಿಸಿಕೊಳ್ಳಿ.

ಈಗ ಸ್ಕೂಟರ್. ಚಾರ್ಜಿಂಗ್ ನಷ್ಟ ಸೇರಿಸಿ 100 ಕಿ.ಮೀ.ಗೆ 4 ಯೂನಿಟ್ ಅಂತ ಧಾರಾಳವಾಗಿಯೇ ಹಿಡಿದೆ. ದಿನದ 40 ಕಿ.ಮೀ.ಗೆ 1.6 ಯೂನಿಟ್. ನಮ್ಮ ಬಿಸಿಲಿಗೆ 540 ವ್ಯಾಟಿನ ಒಂದೇ ಒಂದು ಸೋಲಾರ್ ಪ್ಯಾನೆಲ್ ದಿನಕ್ಕೆ ಸರಾಸರಿ 2 ಯೂನಿಟ್ ಕೊಡುತ್ತದೆ. ಆ ಪ್ಯಾನೆಲ್ ಎಷ್ಟು ದೊಡ್ಡದು? ಒಂದು ಮಂಚದಷ್ಟು. ಒಂದು ಕಡೆ ಇಪ್ಪತ್ತು ಗುಂಟೆ ಹೊಲ, ಇನ್ನೊಂದು ಕಡೆ ಒಂದು ಮಂಚದ ಜಾಗ, ಅದೂ ಮಾಳಿಗೆ ಮೇಲೆ. ಈ ಲೆಕ್ಕ ನೋಡಿ ನಾನೇ ಎರಡು ಸಲ ಕೂಡಿ ಕಳೆದು ನೋಡಿದೆ.

ಕಬ್ಬಿನವರು ನಗಬೇಡಿ. ಟನ್ನಿಗೆ 70 ಲೀಟರ್ ಸಿಗೋದು ನಿಜ. ಆದರೆ ಕಬ್ಬಿನ ಒಂದು ಲೀಟರ್ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಬೋರ್‌ವೆಲ್ ನೀರಲ್ಲಿ ಕಬ್ಬು ಮಾಡೋರು ಈ ಅಂಕಿಯನ್ನ ಒಮ್ಮೆ ನೆನಪಿಸಿಕೊಳ್ಳಿ.

"ಕರೆಂಟ್ ಬರೋದು ರಾಯಚೂರಿನ ಕಲ್ಲಿದ್ದಲಿಂದ ಅಲ್ವಾ?" ಅಂತ ಕೇಳೋರು ಇದ್ದಾರೆ. ಸರಿಯಾದ ಪ್ರಶ್ನೆ. ನಮ್ಮ ದೇಶದ ಕರೆಂಟಿನಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. 40 ಕಿ.ಮೀ.ಗೆ 1.1 ಕೆ.ಜಿ. ಆಯ್ತು. ಪೆಟ್ರೋಲ್ ಬೈಕಿನದು 1.8 ಕೆ.ಜಿ. ಅಂದರೆ ಕಲ್ಲಿದ್ದಲು ಸೇರಿದ ಕರೆಂಟಾದರೂ ಹೊಗೆ ಕಡಿಮೆಯೇ. ಎಥೆನಾಲ್ ಬಿಡುವ ಇಂಗಾಲವನ್ನು ಬೆಳೆ ಮತ್ತೆ ಹೀರಿಕೊಳ್ಳುತ್ತೆ, ನಿಜ. ಆದರೆ ನಾವು ಹಾಕುವ ಯೂರಿಯಾ, ಟ್ರ್ಯಾಕ್ಟರಿನ ಡೀಸೆಲ್, ಕಾರ್ಖಾನೆಯ ಬಾಯ್ಲರ್ ಇವನ್ನೂ ಎಣಿಸಬೇಕು.

ಇನ್ನು ತಮ್ಮನ ಮಾತು. ಪೆಟ್ರೋಲಿಗೆ ಶೇ. 20 ಎಥೆನಾಲ್ ಸೇರಿಸುವ ಗುರಿ ಮೊದಲು 2030ಕ್ಕೆ ಇತ್ತು, ಅದು 2025ರಲ್ಲೇ ಮುಟ್ಟಿತು. ಅದೇ ವರ್ಷ ಗೋವಿನಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಮಾರುಕಟ್ಟೆಯಲ್ಲಿ ಕೇಳಿದ್ದು ಅದಕ್ಕಿಂತ ಬಹಳ ಕಡಿಮೆ. "ಬಂಕಿಗೆ ನಮ್ಮ ಮಾಲು ಹೋದ್ರೂ ರೇಟು ನಮ್ಮ ಕೈಯಾಗ ಇಲ್ಲಲ್ಲೋ" ಅಂದೆ. ಅವನು ಮಾತಾಡಲಿಲ್ಲ. ಎಥೆನಾಲಿನಿಂದ ಬೇಡಿಕೆ ಬಂದದ್ದು ಒಳ್ಳೆಯದೇ, ಬೆಳೆ ಮಾರೋಣ. ಆದರೆ ಬೆಳೆದದ್ದನ್ನ ನಾವೇ ಸುಡಬೇಕು ಅಂತೇನಿಲ್ಲ.

ಎಥೆನಾಲ್ ನನಗೆ ಕಲಿಸಿದ ಇನ್ನೊಂದು ಪಾಠ ದುಬಾರಿ ಬಿತ್ತು. ಪವರ್ ಸ್ಪ್ರೇಯರಿನ ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಟ್ಟು ಮಳೆಗಾಲವಿಡೀ ಕೊಟ್ಟಿಗೆಯಲ್ಲಿಟ್ಟಿದ್ದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ. ಹಿಂಗಾರಿಗೆ ತೆಗೆದರೆ ಮಷಿನ್ ಸ್ಟಾರ್ಟೇ ಆಗಲಿಲ್ಲ. ಕಾರ್ಬೊರೇಟರ್ ಕಟ್ಟಿತ್ತು, ರಬ್ಬರ್ ಪೈಪ್ ಊದಿತ್ತು. ಸ್ಪ್ರೇಯರ್, ಕಳೆ ಕೊಚ್ಚುವ ಮಷಿನ್ ಏನೇ ಇರಲಿ, ತಿಂಗಳುಗಟ್ಟಲೆ ಇಡೋದಾದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಬಂದ್ ಆಗೋವರೆಗೂ ಓಡಿಸಿ ಇಡಿ.

ಟ್ರ್ಯಾಕ್ಟರಿಗೆ ಮಾತ್ರ ನಾನು ಬ್ಯಾಟರಿ ಮಾತು ಆಡಲ್ಲ. ಐದು ತಾಸು ರೋಟಾವೇಟರ್ ಹೊಡೆಯಲು 30 ಲೀಟರ್ ಡೀಸೆಲ್ ಬೇಕಾದರೆ, ಅಷ್ಟೇ ಕೆಲಸಕ್ಕೆ 90 ಯೂನಿಟ್ ತುಂಬುವ ಬ್ಯಾಟರಿ ಬೇಕು. ತೂಕ 600 ಕೆ.ಜಿ. ದಾಟುತ್ತದೆ. ನಮ್ಮೂರ ಸಿಂಗಲ್ ಫೇಸ್ ಕರೆಂಟಿಗೆ ಅದು ಒಂದು ರಾತ್ರಿಯಲ್ಲಿ ತುಂಬೋದೂ ಇಲ್ಲ. ಇಲ್ಲಿ ಹೊಂಗೆಯಂಥ ಎಣ್ಣೆಗೇ ಜಾಗ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಇದೆ, ಆ ಕಡೆ ಹೋದಾಗ ನೋಡಿ ಬನ್ನಿ. ಬದುವಿನ ಹೊಂಗೆಯ ನಾಲ್ಕು ಕೆ.ಜಿ. ಬೀಜಕ್ಕೆ ಗಾಣದಲ್ಲಿ ಸುಮಾರು ಒಂದು ಲೀಟರ್ ಎಣ್ಣೆ, ಹಿಂಡಿ ಹೊಲಕ್ಕೆ ಗೊಬ್ಬರ. ಆದರೆ ಗಾಣದ ಹಸಿ ಎಣ್ಣೆಯನ್ನು ಹೊಸ ಟ್ರ್ಯಾಕ್ಟರಿಗೆ ಸುರೀಬೇಡಿ, ಇಂಜೆಕ್ಟರ್ ಕಟ್ಟುತ್ತದೆ. ಅದನ್ನು ಮೊದಲು ಬಯೋಡೀಸೆಲ್ ಆಗಿ ಪರಿವರ್ತಿಸಲೇಬೇಕು.

ಸ್ಕೂಟರ್ ತಗೊಳ್ಳೋರು ಮನೆಯ ಮೀಟರ್ ನೋಡಿಕೊಳ್ಳಿ. ನನ್ನ ಓಡಾಟಕ್ಕೆ ತಿಂಗಳಿಗೆ 48 ಯೂನಿಟ್ ಹೆಚ್ಚಾಗುತ್ತೆ. ಗೃಹಜ್ಯೋತಿಯಲ್ಲಿ ನಿಮಗೆ ಗೊತ್ತುಮಾಡಿದ ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಪಂಪ್‌ಸೆಟ್ ಲೈನಿಂದ ಚಾರ್ಜ್ ಮಾಡೋ ಆಸೆ ಬೇಡ, ಅದು ನೀರಾವರಿಗೆ ಕೊಟ್ಟ ಕರೆಂಟ್.

ತಮ್ಮ ಕೊನೆಗೆ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. ಕಂಪನಿಯವರು ಹೇಳುವ ಕಿಲೋಮೀಟರ್ ನಂಬೋದಲ್ಲ, ತುಂಬಿದ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು ನಮ್ಮೂರ ಏರು ಹತ್ತಿಸಿ, ಚಾರ್ಜ್ ಎಷ್ಟು ಇಳೀತು ಅಂತ ನೋಡಬೇಕು. ಭಾನುವಾರ ಗಾಡಿ ತಂದು ತೋರಿಸ್ತೀವಿ ಅಂದಿದ್ದಾರೆ ಶೋರೂಮಿನವರು. ಕ್ಯಾನ್ ತೊಳೆದು ಇಟ್ಟಿದೀನಿ.