ಸೋಸಿ ಇಡುವುದೋ, ಇಟ್ಟು ಸೋಸುವುದೋ

ರೋಗಿಗೆ ಏರಿಸುವ ರಕ್ತ ಸುರಕ್ಷಿತವಾಗಿರಲು ಏನು ಬೇಕು ಎಂದರೆ ನನ್ನಲ್ಲಿ ಬಹುಕಾಲ ಇದ್ದದ್ದು ಒಂದೇ ಉತ್ತರ: ಗುಂಪು ಹೊಂದಬೇಕು, ಎಚ್‌ಐವಿ, ಹೆಪಟೈಟಿಸ್ ಮುಂತಾದ ಸೋಂಕುಗಳ ಪರೀಕ್ಷೆ ಆಗಿರಬೇಕು. ಆ ಉತ್ತರ ತಪ್ಪಲ್ಲ, ಅರ್ಧ. ಎಲ್ಲ ಪರೀಕ್ಷೆ ದಾಟಿದ ಚೀಲದಲ್ಲೂ ದಾನಿಯ ಬಿಳಿ ರಕ್ತಕಣಗಳು ಉಳಿದಿರುತ್ತವೆ. ರೋಗಿಗೆ ಬೇಕಿರುವುದು ಕೆಂಪು ಕಣ. ಬಿಳಿ ಕಣದಿಂದ ಅವರಿಗೆ ಉಪಕಾರವಿಲ್ಲ, ಅಪಕಾರ ಉಂಟು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಆರೇಳು ಸಾವಿರ ಬಿಳಿ ಕಣಗಳೆಂದು ಹಿಡಿದರೂ 450 ಮಿಲಿಲೀಟರ್ ಚೀಲಕ್ಕೆ ಅವು ಸುಮಾರು 300 ಕೋಟಿ. ಇವನ್ನು ತೆಗೆಯಬೇಕು ಎಂಬುದರಲ್ಲಿ ತಕರಾರು ಕಡಿಮೆ. ಯಾವಾಗ ತೆಗೆಯಬೇಕು ಎಂಬುದೇ ಮುಖ್ಯ ಪ್ರಶ್ನೆ ಎಂದು ನಾನು ಕಲಿತದ್ದು ತಡವಾಗಿ.

ಸೆಂಟ್ರಿಫ್ಯೂಜ್‌ನಿಂದ ಹೊರಬಂದ ಚೀಲವನ್ನು ಬೆಳಕಿಗೆ ಹಿಡಿದರೆ ಮೇಲೆ ಹಳದಿ ಪ್ಲಾಸ್ಮಾ, ಕೆಳಗೆ ಕಡುಗೆಂಪು, ನಡುವೆ ಹಾಲಿನ ಕೆನೆಯಷ್ಟೇ ತೆಳುವಾದ ಬೂದು ಪದರ ಕಾಣುತ್ತದೆ. ಬಿಳಿ ಕಣಗಳು ಹೆಚ್ಚಾಗಿ ಸೇರಿರುವುದು ಅಲ್ಲಿ. ಆ ಪದರವನ್ನು ಬೇರ್ಪಡಿಸಿದರೆ ಬಹುಪಾಲು ಹೋಗುತ್ತವೆ, ಆದರೆ ಕೋಟಿಗಳ ಲೆಕ್ಕದಲ್ಲಿ ಇನ್ನೂ ಉಳಿಯುತ್ತವೆ. ಪಾಲಿಯೆಸ್ಟರ್ ನಾರಿನ ವಿಶೇಷ ಫಿಲ್ಟರ್ ಮೂಲಕ ಹಾಯಿಸಿದಾಗ ಮಾತ್ರ ಸಂಖ್ಯೆ ಅಮೆರಿಕದ ಮಿತಿಯಾದ 50 ಲಕ್ಷಕ್ಕಿಂತ, ಯೂರೋಪಿನ ಮಿತಿಯಾದ 10 ಲಕ್ಷಕ್ಕಿಂತ ಕೆಳಗಿಳಿಯುತ್ತದೆ. ರಕ್ತ ಏರಿಸುವ ಸೆಟ್‌ನಲ್ಲೇ ಜಾಲರಿ ಇದೆಯಲ್ಲ ಎನ್ನುವವರಿದ್ದಾರೆ. ಆ ಜಾಲರಿಯ ಕಣ್ಣು 170ರಿಂದ 200 ಮೈಕ್ರಾನ್. ಬಿಳಿ ಕಣ ಹೆಚ್ಚೆಂದರೆ ಇಪ್ಪತ್ತು. ಅದು ಹೆಪ್ಪುಗಳನ್ನು ಹಿಡಿದೀತೇ ಹೊರತು ಕಣಗಳನ್ನಲ್ಲ.

ಹಾಗಿದ್ದರೆ ಫಿಲ್ಟರನ್ನು ರೋಗಿಯ ಹಾಸಿಗೆ ಪಕ್ಕದಲ್ಲೇ ಜೋಡಿಸಿದರಾಯಿತಲ್ಲ? ಇಲ್ಲೇ ಎಡವುವುದು. ಬಿಳಿ ಕಣಗಳು ಚೀಲದಲ್ಲಿ ಸುಮ್ಮನೆ ಕೂರುವುದಿಲ್ಲ. ದಿನ ಕಳೆದಂತೆ ಒಡೆಯುತ್ತವೆ, ಸೈಟೋಕೈನ್‌ಗಳನ್ನು ಬಿಡುತ್ತವೆ. 20ರಿಂದ 24 ಡಿಗ್ರಿಯಲ್ಲಿ ಇಡುವ ಪ್ಲೇಟ್‌ಲೆಟ್ ಚೀಲದಲ್ಲಂತೂ ಇದು ಇನ್ನೂ ಜೋರು. ಚಳಿ ಜ್ವರ ತರಿಸುವ ಈ ವಸ್ತುಗಳು ಒಮ್ಮೆ ರಕ್ತದಲ್ಲಿ ಕರಗಿದರೆ ಕಣ ಹಿಡಿಯುವ ಫಿಲ್ಟರ್ ಅವನ್ನು ತಡೆಯುತ್ತದೆಂದು ನೆಚ್ಚುವಂತಿಲ್ಲ. ಒಡೆದ ಕಣದ ಚೂರುಗಳ ಕಥೆಯೂ ಅಷ್ಟೆ. ಜೊತೆಗೆ, ರಕ್ತದೊತ್ತಡಕ್ಕೆ ಎಸಿಇ ಇನ್‌ಹಿಬಿಟರ್ ಮಾತ್ರೆ ತೆಗೆದುಕೊಳ್ಳುವ ಕೆಲವರಲ್ಲಿ ಹಾಸಿಗೆ ಬದಿಯ ಫಿಲ್ಟರ್ ಬಳಸಿದಾಗ ಒತ್ತಡ ದಿಢೀರನೆ ಕುಸಿದದ್ದೂ ದಾಖಲಾಗಿದೆ. ಹಾಗಾಗಿ ಸೋಸುವ ಕೆಲಸ ರಕ್ತನಿಧಿಯಲ್ಲಿ, ಚೀಲ ಫ್ರಿಜ್ ಸೇರುವ ಮುನ್ನವೇ ಮುಗಿಯಬೇಕು.

ಇದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಖರ್ಚಿನದು. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಎಲ್ಲರಿಗೂ ಸೋಸಿದ ರಕ್ತ ಕೊಟ್ಟರೂ ಸಾವಿನ ಪ್ರಮಾಣವಾಗಲಿ ಆಸ್ಪತ್ರೆವಾಸವಾಗಲಿ ಕಡಿಮೆಯಾಗಲಿಲ್ಲ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಸೋಸಿದ ರಕ್ತ ಬೇಕೇಬೇಕೆಂದು ಮೊದಲೇ ಗೊತ್ತಿದ್ದ ರೋಗಿಗಳನ್ನು ಆ ಅಧ್ಯಯನ ಹೊರಗಿಟ್ಟಿತ್ತು. ಅಂಥವರ ವಿಷಯ ಬೇರೆಯೇ. 1997ರ ಟ್ರ್ಯಾಪ್ ಅಧ್ಯಯನದಲ್ಲಿ, ತೀವ್ರ ಮೈಲಾಯ್ಡ್ ಲ್ಯುಕೇಮಿಯಾದವರಿಗೆ ಸಾಮಾನ್ಯ ಪ್ಲೇಟ್‌ಲೆಟ್ ಕೊಟ್ಟಾಗ ಶೇ. 45ರಷ್ಟು ಮಂದಿಯಲ್ಲಿ ಬಿಳಿ ಕಣಗಳ ವಿರುದ್ಧ ಪ್ರತಿಕಾಯ ಬೆಳೆಯಿತು. ಸೋಸಿದ ಅಥವಾ ನೇರಳಾತೀತ ಕಿರಣಕ್ಕೆ ಒಡ್ಡಿದ ಪ್ಲೇಟ್‌ಲೆಟ್ ಪಡೆದವರಲ್ಲಿ ಅದು ಶೇ. 17ರಿಂದ 21. ಈ ಪ್ರತಿಕಾಯ ಹುಟ್ಟಿದವರಿಗೆ ಮುಂದೆ ಎಷ್ಟು ಪ್ಲೇಟ್‌ಲೆಟ್ ಹಾಕಿದರೂ ಎಣಿಕೆ ಏರದೆ ಹೋಗಬಹುದು. ಬ್ರಿಟನ್ 1999ರ ಹೊತ್ತಿಗೆ ಎಲ್ಲ ರಕ್ತವನ್ನೂ ಸೋಸತೊಡಗಿದ್ದು ಹುಚ್ಚುಹಸು ರೋಗಕ್ಕೆ ನಂಟಿರುವ ಸಿಜೆಡಿ ಎಂಬ ಮಿದುಳಿನ ಕಾಯಿಲೆಯ ಭಯಕ್ಕೆ. ಆ ಭಯ ನಮ್ಮದಲ್ಲ. ನಮ್ಮ ಮುಂದಿರುವುದು ಎರಡು ಮೂರು ವಾರಕ್ಕೊಮ್ಮೆ ಜೀವಮಾನವಿಡೀ ರಕ್ತ ಏರಿಸಿಕೊಳ್ಳಬೇಕಾದ ಥಲಸ್ಸೇಮಿಯಾ ಮಕ್ಕಳು. ಎಲ್ಲರಿಗೂ ಸಾಧ್ಯವಿಲ್ಲವೆಂಬುದು ಇವರಿಗೂ ಕೊಡದಿರಲು ಕಾರಣವಾಗಬಾರದು.

ಸೋಸುವಿಕೆ ಸರ್ವರೋಗ ನಿವಾರಣಿಯೂ ಅಲ್ಲ. ಉಳಿದ ಬಿಳಿ ಕಣಗಳ ಪೈಕಿ ಲಿಂಫೋಸೈಟ್ ಎಂಬ ಬಗೆಯವು ಕೆಲವೇ ಇದ್ದರೂ ರೋಗನಿರೋಧಕ ಶಕ್ತಿ ಕುಂದಿದವರ ಮೈಯಲ್ಲಿ ಬೇರೂರಿ ಅವರ ಅಂಗಾಂಗಗಳ ಮೇಲೆಯೇ ತಿರುಗಿಬೀಳಬಹುದು. ಅದಕ್ಕೆ ಮದ್ದು ಚೀಲಕ್ಕೆ ವಿಕಿರಣ ಕೊಡುವುದು. ಫಿಲ್ಟರ್ ಇದೆಯೆಂದು ಅದನ್ನು ಬಿಟ್ಟರೆ ಪ್ರಾಣಕ್ಕೇ ಕುತ್ತು. ಈಗ ಚೀಟಿಯ ಮೇಲೆ ‘ಸೋಸಿದ ರಕ್ತ’ ಎಂದು ಕಂಡರೆ ಅಷ್ಟಕ್ಕೇ ಸಮಾಧಾನಪಡುವುದನ್ನು ನಾನು ಬಿಟ್ಟಿದ್ದೇನೆ. ಯಾವ ದಿನ ಸೋಸಿದ್ದು ಎಂದೂ ಕೇಳುತ್ತೇನೆ.