ಹಾಡುಗಳನ್ನು ಅರಸಿ ಹೊರಟ ತಂದೆ-ಮಗ



‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ದೇಶವನ್ನು ಸುತ್ತಿ ಹೊಸದೊಂದು ಕೋಶವನ್ನೇ ಕಟ್ಟಿದ ಒಬ್ಬ ತಂದೆ ಮತ್ತು ಅವರ ಮಗನ ಪ್ರವಾಸದ ವೃತ್ತಾಂತವನ್ನು ಈ ಪಾಠದಲ್ಲಿ ತಿಳಿಯೋಣ. ಈ ಪ್ರವಾಸವು 1933ರ ಬೇಸಿಗೆಯಲ್ಲಿ ಅಮೇರಿಕದ ದಕ್ಷಿಣ ರಾಜ್ಯಗಳಲ್ಲಿ ನಡೆಯಿತು. ತಂದೆ ಜಾನ್ ಲೋಮ್ಯಾಕ್ಸ್ ಅವರಿಗೆ ಆಗ 65 ವರ್ಷ. ಮಗ ಆಲನ್‌ನಿಗೆ 18 ವರ್ಷ. ಅವರು ಕೂಡಿಸಹೊರಟದ್ದು ಹಣವನ್ನಲ್ಲ, ಜನರ ಬಾಯಲ್ಲಿದ್ದ ಹಾಡುಗಳನ್ನು.

1. ಬೆಂಕಿಗೆ ಬಿದ್ದ ಹಾಡುಗಳು

ಜಾನ್ ಲೋಮ್ಯಾಕ್ಸ್ ಅವರು 1867ರಲ್ಲಿ ಹುಟ್ಟಿ ಟೆಕ್ಸಾಸ್ ರಾಜ್ಯದ ಒಂದು ಒಕ್ಕಲು ಮನೆತನದಲ್ಲಿ ಬೆಳೆದರು. ದನಗಳ ದೊಡ್ಡ ಹಿಂಡುಗಳನ್ನು ಹೊಡೆದುಕೊಂಡು ಹೋಗುವ ದನಗಾಹಿಗಳ ಹಾಡುಗಳು ಬಾಲ್ಯದಲ್ಲಿಯೇ ಅವರ ಕಿವಿಗೆ ಬಿದ್ದಿದ್ದವು. ಆ ಹಾಡುಗಳನ್ನು ಬರೆದಿಟ್ಟುಕೊಂಡು, ವಿಶ್ವವಿದ್ಯಾಲಯಕ್ಕೆ ಸೇರಿದಾಗ ಪ್ರಾಧ್ಯಾಪಕರೊಬ್ಬರಿಗೆ ತೋರಿಸಿದರಂತೆ. ಇವು ಕೀಳು ದರ್ಜೆಯವು, ಸಾಹಿತ್ಯವೆನಿಸಲಾರವು ಎಂಬ ಉತ್ತರ ಬಂದಿತು. ನಾಚಿಕೊಂಡ ಆ ತರುಣರು ಅಂದೇ ವಿದ್ಯಾರ್ಥಿನಿಲಯದ ಹಿಂದೆ ಹೋಗಿ ಕಾಗದದ ಸುರುಳಿಯನ್ನು ಸುಟ್ಟುಬಿಟ್ಟರೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ.

ಹತ್ತು ವರ್ಷಗಳ ತರುವಾಯ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ಅದೇ ಹಾಡುಗಳನ್ನು ಕೇಳಿ ಮೆಚ್ಚಿ, ಸಂಗ್ರಹಿಸುವಂತೆ ಪ್ರೋತ್ಸಾಹಿಸಿದರು. ಸುಟ್ಟುದನ್ನು ಮತ್ತೆ ಊರೂರು ಅಲೆದು ಕೂಡಿಸಬೇಕಾಯಿತು. 1910ರಲ್ಲಿ ದನಗಾಹಿಗಳ ಹಾಡುಗಳ ಸಂಕಲನವು ಪ್ರಕಟವಾಯಿತು. ಪಂಡಿತರೊಬ್ಬರು ತಿರಸ್ಕರಿಸಿದರೆಂದು ನಮ್ಮದನ್ನು ನಾವೇ ಸುಡಬಾರದೆಂಬ ಪಾಠವನ್ನು ಅವರು ಕಷ್ಟಪಟ್ಟು ಕಲಿತರು.

2. ಕಷ್ಟಕಾಲ

1931ರಲ್ಲಿ ಲೋಮ್ಯಾಕ್ಸ್ ಅವರ ಪತ್ನಿ ತೀರಿಕೊಂಡರು. ಕಿರಿಯ ಮಗಳಿಗೆ ಆಗ ಹತ್ತೇ ವರ್ಷ. ಅದೇ ಸಮಯದಲ್ಲಿ ಲೋಕವನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟಿನಿಂದ ಬ್ಯಾಂಕಿನಲ್ಲಿದ್ದ ಅವರ ನೌಕರಿಯೂ ಹೋಯಿತು. ಮುಪ್ಪು, ವಿಯೋಗ, ನಿರುದ್ಯೋಗ ಮೂರೂ ಒಟ್ಟಿಗೆ ಬಂದವು. ಇಂಥ ಹೊತ್ತಿನಲ್ಲಿ ಮಕ್ಕಳು ತಂದೆಗೆ ಹಳೆಯ ಹಾಡುಗಳ ಕೆಲಸವನ್ನು ನೆನಪಿಸಿದರು. 1932ರಲ್ಲಿ ಲೋಮ್ಯಾಕ್ಸ್ ಅವರು ನ್ಯೂಯಾರ್ಕಿನ ಪ್ರಕಾಶಕರೊಬ್ಬರಿಂದ ಜನಪದ ಗೀತೆಗಳ ಹೊಸ ಸಂಕಲನವೊಂದಕ್ಕೆ ಒಪ್ಪಿಗೆ ಪಡೆದರು. ವಾಶಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಮಹಾ ಗ್ರಂಥಾಲಯದಲ್ಲಿ 1928ರಿಂದ ಜನಪದ ಗೀತೆಗಳ ಭಂಡಾರವೊಂದಿತ್ತು. ಆ ಗ್ರಂಥಾಲಯವು ಧ್ವನಿಮುದ್ರಣ ಯಂತ್ರವನ್ನು ಒದಗಿಸಲು ಒಪ್ಪಿತು.

3. ಯಂತ್ರವಿಲ್ಲದೆ ಹೊರಟ ಪಯಣ

1933ರ ಜೂನ್ ತಿಂಗಳಲ್ಲಿ ತಂದೆ-ಮಗ ಫೋರ್ಡ್ ಕಾರಿನಲ್ಲಿ ಹೊರಟರು. ವಸತಿಗೆ ಹಣ ಸಾಲದೆಂದು ಮಡಿಸುವ ಮಂಚಗಳನ್ನು ಜೊತೆಗಿಟ್ಟುಕೊಂಡು ದಾರಿಯ ಬದಿಯಲ್ಲಿ ಮಲಗುತ್ತಿದ್ದರು. ಮೊದಲನೆಯ ವಿಘ್ನವೆಂದರೆ, ಬರಬೇಕಾಗಿದ್ದ ಯಂತ್ರವೇ ಬರಲಿಲ್ಲ. ಮೇಣದ ಉರುಳೆಯ ಮೇಲೆ ದನಿಯನ್ನು ಹಿಡಿಯುವ ಹಳೆಯ ಎಡಿಸನ್ ಯಂತ್ರವೊಂದೇ ಗತಿಯಾಯಿತು. ಅದರಲ್ಲಿ ಸ್ವರವು ಕ್ಷೀಣವಾಗಿ ಗೀರುಗೀರಾಗಿ ಕೇಳುತ್ತಿತ್ತು.

ಆದರೆ ಈ ಬಡ ಯಂತ್ರವೇ ಆಲನ್‌ನ ಬಾಳನ್ನು ತಿರುಗಿಸಿತು. ಟೆಕ್ಸಾಸಿನ ಒಂದು ದೊಡ್ಡ ಜಮೀನಿನಲ್ಲಿ ಕಪ್ಪು ಜನಾಂಗದ ಗೇಣಿ ರೈತರು ಹಾಡಲು ಕೂಡಿದ್ದರು. ಗುಲಾಮಗಿರಿಯು 1865ರಲ್ಲಿಯೇ ಕಾನೂನಿನಿಂದ ರದ್ದಾಗಿದ್ದರೂ ಸಾಲದ ಸಂಕೋಲೆಯು ಅವರನ್ನು ಬಿಟ್ಟಿರಲಿಲ್ಲ. ‘ಬ್ಲೂ’ ಎಂದು ಕರೆಯಲ್ಪಡುತ್ತಿದ್ದ ಒಬ್ಬ ರೈತನು ತನ್ನ ಹಾಡನ್ನು ಮೊದಲೇ ಹಾಡಿ ತೋರಿಸಲು ಒಪ್ಪದೆ, ನೇರವಾಗಿ ಯಂತ್ರದೊಳಕ್ಕೇ ಹಾಡುವೆನೆಂದು ಹಠ ಹಿಡಿದನು. ಹಾಡಿದ್ದು ಗೇಣಿ ರೈತರ ಗೋಳನ್ನು. ಹಾಡು ಮುಗಿದ ಮೇಲೆ ಆ ಯಂತ್ರದ ಕೊಳವೆಯೊಳಗೆ ದೇಶದ ಅಧ್ಯಕ್ಷರನ್ನೇ ಉದ್ದೇಶಿಸಿ, ಇಲ್ಲಿ ನಮ್ಮನ್ನು ಎಷ್ಟು ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆಂಬುದು ನಿಮಗೆ ತಿಳಿಯದು ಎಂಬ ಅರ್ಥದ ಮಾತುಗಳನ್ನಾಡಿದನು. ಯಂತ್ರವು ಅವನ ಪಾಲಿಗೆ ರಾಜಧಾನಿಯವರೆಗೆ ತಲುಪುವ ಅಂಚೆಯಾಗಿತ್ತು. ಮರಳಿ ತನ್ನ ದನಿ ಯಂತ್ರದಿಂದ ಹೊರಟಾಗ ನೆರೆದವರೆಲ್ಲ ಉಸಿರು ಹಿಡಿದು ಕೇಳಿದರು. ದನಿಯಿಲ್ಲದವರಿಗೆ ದನಿ ಕೊಡುವುದೇ ತನ್ನ ಕೆಲಸವೆಂದು ಆ ದಿನ ಆಲನ್ ನಿಶ್ಚಯಿಸಿದನು.

4. ಒಂದೂವರೆ ಕ್ವಿಂಟಲಿನ ಯಂತ್ರ

ಜುಲೈ ತಿಂಗಳಲ್ಲಿ ಹೊಸ ಯಂತ್ರವು ಕೈಗೆ ಬಂದಿತು. ಅದರ ತೂಕ 315 ಪೌಂಡು, ಅಂದರೆ ಸುಮಾರು 143 ಕಿಲೋ! ಕಾರಿನ ಹಿಂದಿನ ಆಸನವನ್ನು ಕಿತ್ತು ಅದಕ್ಕೆ ಸ್ಥಳ ಮಾಡಬೇಕಾಯಿತು. ತಿರುಗುವ ಅಲ್ಯೂಮಿನಿಯಮ್ ತಟ್ಟೆಯ ಮೇಲೆ ಮುಳ್ಳು ಒತ್ತಿ ಗೆರೆ ಮೂಡಿಸುತ್ತಿತ್ತು. ಆ ಗೆರೆಯಲ್ಲಿ ದನಿ ಅಡಗುತ್ತಿತ್ತು. ಒಂದು ತಟ್ಟೆಯಲ್ಲಿ ಕೆಲವೇ ನಿಮಿಷಗಳ ಹಾಡು ಹಿಡಿಸುತ್ತಿತ್ತು. ವಿದ್ಯುತ್ತಿಲ್ಲದ ಊರುಗಳಲ್ಲಿ ಬಳಸಲು ಭಾರವಾದ ಬ್ಯಾಟರಿಗಳನ್ನೂ ಹೊರಬೇಕಾಗಿತ್ತು. ತಂದೆಯು ಅಧಿಕಾರಿಗಳೊಡನೆ ಮಾತನಾಡಿ ಅನುಮತಿ ಪಡೆಯುವುದು, ಮಗನು ಯಂತ್ರವನ್ನು ನೋಡಿಕೊಳ್ಳುವುದು, ಹೀಗೆ ಕೆಲಸವು ಹಂಚಿಕೆಯಾಯಿತು.

ಅವರು ಹೆಚ್ಚಾಗಿ ಸೆರೆಮನೆಗಳಿಗೆ ಹೋದದ್ದೇಕೆ? ಹೊರಗಿನ ಲೋಕದಲ್ಲಿ ರೇಡಿಯೋ, ಗ್ರಾಮಫೋನುಗಳು ಹರಡಿ ಹಳೆಯ ಹಾಡುಗಳನ್ನು ಮರೆಸುತ್ತಿದ್ದವು. ದೀರ್ಘಕಾಲ ಬಂಧನದಲ್ಲಿರುವವರ ಬಾಯಲ್ಲಿ ಅವು ಉಳಿದಿರಬಹುದೆಂದು ತಂದೆಯವರ ತರ್ಕ.

5. ನಿರಾಸೆಯ ಬೆನ್ನಿಗೆ ದೊರೆತ ನಿಧಿ

ಲೂಯಿಸಿಯಾನ ರಾಜ್ಯದ ಆಂಗೋಲಾ ಎಂಬಲ್ಲಿ ವಿಶಾಲವಾದ ಸೆರೆಮನೆಯ ಜಮೀನಿದೆ. ಹಿಂದೆ ಅದು ಗುಲಾಮರು ದುಡಿಯುತ್ತಿದ್ದ ತೋಟ. ಜುಲೈ ನಡುವಿನಲ್ಲಿ ಅಲ್ಲಿಗೆ ಬಂದ ತಂದೆ-ಮಗನಿಗೆ ನಿರಾಸೆ ಕಾದಿತ್ತು. ಕೆಲಸ ಮಾಡುವಾಗ ಕೈದಿಗಳು ಹಾಡಕೂಡದೆಂಬ ಕಟ್ಟಳೆ ಅಲ್ಲಿತ್ತು. ದುಡಿಮೆಯ ಹಾಡನ್ನು ಅರಸಿ ಬಂದವರಿಗೆ ಇದಕ್ಕಿಂತ ದೊಡ್ಡ ಅಡ್ಡಿಯುಂಟೆ?

ಆದರೂ ಅಲ್ಲಿ ಒಬ್ಬ ಗಾಯಕರು ದೊರೆತರು. ಹನ್ನೆರಡು ತಂತಿಗಳ ಗಿಟಾರು ಹಿಡಿದ ಅವರ ಹೆಸರು ಹಡ್ಡಿ ಲೆಡ್‌ಬೆಟರ್. ಜನರು ಅವರನ್ನು ‘ಲೆಡ್‌ಬೆಲಿ’ ಎಂದು ಕರೆಯುತ್ತಿದ್ದರು. ಅವರ ನೆನಪು ಹಾಡುಗಳ ಕಣಜವೇ ಆಗಿತ್ತು. 1933ರ ಮುದ್ರಣವು ತೃಪ್ತಿಕರವಾಗಲಿಲ್ಲವೆಂದು 1934ರ ಜುಲೈಯಲ್ಲಿ ತಂದೆ-ಮಗ ಮತ್ತೆ ಬಂದರು. ಅದೇ ಆಗಸ್ಟ್ 1ರಂದು ಲೆಡ್‌ಬೆಟರ್ ಅವರ ಬಿಡುಗಡೆಯಾಯಿತು. ಹಾಡಿಗೆ ಮನಸೋತ ರಾಜ್ಯಪಾಲರು ಅವರನ್ನು ಬಿಟ್ಟರೆಂಬ ಕಥೆ ಪ್ರಸಿದ್ಧವಾಗಿದೆ. ಆದರೆ ಸನ್ನಡತೆಗಾಗಿ ಶಿಕ್ಷೆಯ ಅವಧಿಯಲ್ಲಿ ಕೊಡುವ ಕಡಿತದಿಂದ ಬಿಡುಗಡೆಯಾಯಿತೆಂದು ಸೆರೆಮನೆಯವರು ಹೇಳಿದ್ದಾರೆ. ಚೆಂದದ ಕಥೆಯನ್ನೂ ದಾಖಲೆಯೊಡನೆ ಹೋಲಿಸಿ ನೋಡುವುದು ವಿದ್ಯಾರ್ಥಿಯ ಲಕ್ಷಣ.

6. ತೂಗಿ ನೋಡಬೇಕಾದ ಸಂಗತಿ

ಈ ಪ್ರವಾಸವನ್ನು ಹೊಗಳಿ ಸುಮ್ಮನಾದರೆ ಪಾಠವು ಅರ್ಧವಾಗುವುದು. ನ್ಯಾಶ್‌ವಿಲ್‌ನ ಸೆರೆಮನೆಯಲ್ಲಿ ಧರ್ಮದೀಕ್ಷೆ ಪಡೆದಿದ್ದ ಕೈದಿಯೊಬ್ಬನು ಲೌಕಿಕ ಹಾಡನ್ನು ಹಾಡಲು ಒಪ್ಪಲಿಲ್ಲ. ಮೇಲಧಿಕಾರಿಯ ಅಪ್ಪಣೆಯಾದಾಗ ದೇವರ ಕ್ಷಮೆ ಬೇಡಿ ಹಾಡಿದನು. ‘ಒಲ್ಲೆ’ ಎನ್ನಲಾರದವನಿಂದ ಹಾಡಿಸಿಕೊಳ್ಳುವುದು ಸರಿಯೆ? ಮುಂದೆ ಲೆಡ್‌ಬೆಟರ್ ಅವರು ಹಿರಿಯ ಲೋಮ್ಯಾಕ್ಸ್ ಅವರ ಕಾರನ್ನು ನಡೆಸುತ್ತ ಸಭೆಗಳಲ್ಲಿ ಹಾಡಿದರು. ಆದರೆ ಹಣದ ವಿಚಾರವಾಗಿ ಮನಸ್ತಾಪ ಬೆಳೆದು 1935ರ ಮಾರ್ಚಿನಲ್ಲಿ ಇಬ್ಬರೂ ಅಗಲಿದರು. ಆಲನ್‌ನ ಸ್ನೇಹ ಮಾತ್ರ ಉಳಿಯಿತು. ಲೆಡ್‌ಬೆಟರ್ ಅವರು 1949ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಹಾಡುತ್ತಿದ್ದ ‘ಗುಡ್‌ನೈಟ್ ಐರೀನ್’ ಎಂಬ ಹಾಡನ್ನು 1950ರಲ್ಲಿ ಬೇರೆ ಗಾಯಕರು ಹಾಡಿದಾಗ ದೇಶವೆಲ್ಲ ಕೊಂಡು ಕೇಳಿತು. ಆ ಕೀರ್ತಿಯನ್ನು ಕಾಣಲು ಅವರೇ ಇರಲಿಲ್ಲ.

ಸಂಗ್ರಹಕಾರನು ಹಾಡನ್ನು ಉಳಿಸಿದನು, ನಿಜ. ಹಾಡಿದವರ ಹಕ್ಕನ್ನೂ ಉಳಿಸಬೇಕಾಗಿತ್ತು. ಇವೆರಡೂ ಮಾತುಗಳನ್ನು ಒಟ್ಟಿಗೆ ನೆನಪಿಡಿರಿ.

ಪ್ರವಾಸದ ಫಲವಾದ ಗ್ರಂಥವು 1934ರಲ್ಲಿ ಹೊರಬಂದಿತು. ಆಲನ್ 1937ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಆ ಗೀತ ಭಂಡಾರದ ಹೊಣೆ ಹೊತ್ತು, ಮುಂದೆ ಹಲವು ದೇಶಗಳ ಹಾಡುಗಳನ್ನು ಮುದ್ರಿಸಿ, 2002ರಲ್ಲಿ ಕಾಲವಾದನು. ತಂದೆಯವರು 1948ರಲ್ಲಿಯೇ ತೀರಿಕೊಂಡಿದ್ದರು. ರಾಜಕೀಯ ವಿಚಾರಗಳಲ್ಲಿ ತಂದೆ-ಮಗನಿಗೆ ಹೊಂದಿಕೆಯಿರಲಿಲ್ಲ. ಆದರೂ ಒಂದೇ ಕಾರಿನಲ್ಲಿ, ಒಂದೇ ಯಂತ್ರದ ಭಾರವನ್ನು ಕೂಡಿ ಹೊತ್ತರು.

7. ನಮ್ಮ ಮನೆಯ ಕಣಜ

ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿಯೂ ಇಂಥ ಕೆಲಸ ನಡೆದಿತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಸ್ನೇಹಸಮ್ಮೇಲನಕ್ಕೆ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯಿಂದ ಕಲಿತ ಬೀಸುವ ಕಲ್ಲಿನ ಪದವನ್ನು ಹಾಡುವೆನೆಂದಳು. ‘ಪುಸ್ತಕದಲ್ಲಿಯದು ಯಾವುದಾದರೂ ಹಾಡಮ್ಮ’ ಎಂದು ನಾನು ಹೇಳಿದೆ. ಲೋಮ್ಯಾಕ್ಸ್ ಅವರ ಕಥೆ ಓದಿದಾಗ, ಆ ಪ್ರಾಧ್ಯಾಪಕರ ಕುರ್ಚಿಯಲ್ಲಿ ನಾನೇ ಕುಳಿತಿದ್ದೆನೆಂದು ತಿಳಿದು ನಾಚಿಕೆಯಾಯಿತು. ಮರುವರ್ಷ ಅವಳನ್ನು ಕರೆದು ಕೇಳಿದರೆ ಎರಡು ನುಡಿ ಮಾತ್ರ ನೆನಪಿದ್ದವು. ಅಜ್ಜಿಯ ಬಳಿ ಕುಳಿತು ಬರೆದು ತಂದಾಗ ಹತ್ತೊಂಬತ್ತು ನುಡಿಗಳಾದವು.

ಪಾಲಕರಲ್ಲಿ ವಿನಂತಿ: ಗಡಿಯ ಈಚೆಗೆ ಕನ್ನಡವು ಬದುಕಿರುವುದು ಶಾಲೆಯಲ್ಲಿ ಮಾತ್ರವಲ್ಲ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ. ಅವರು 143 ಕಿಲೋ ಭಾರದ ಯಂತ್ರವನ್ನು ಹೊತ್ತು ಮಾಡಿದ ಕೆಲಸವನ್ನು ಇಂದು ನಿಮ್ಮ ಜೇಬಿನ ಮೊಬೈಲು ಮಾಡಬಲ್ಲದು. ಒಂದು ರಜೆಯ ದಿನ ಮಗನನ್ನೋ ಮಗಳನ್ನೋ ಕರೆದುಕೊಂಡು ಹಳ್ಳಿಯ ನೆಂಟರ ಮನೆಗೆ ಹೋಗಿರಿ. ದಾರಿಯಲ್ಲಿ ಬಸ್ಸು ತಪ್ಪಬಹುದು. ಅಜ್ಜಿ ‘ಈಗ ದನಿ ಇಲ್ಲಪ್ಪ’ ಎನ್ನಬಹುದು. ಬೇಸರಪಡದೆ ಮತ್ತೊಮ್ಮೆ ಹೋಗಿರಿ.

ಅಭ್ಯಾಸ

(ಅ) ಲೋಮ್ಯಾಕ್ಸ್ ಅವರು ಹಾಡುಗಳನ್ನು ಸುಟ್ಟುದೇಕೆ? ಮತ್ತೆ ಕೂಡಿಸಿದ್ದೇಕೆ?
(ಆ) ಪ್ರವಾಸದಲ್ಲಿ ಒದಗಿದ ಮೂರು ವಿಘ್ನಗಳನ್ನು ಹೇಳಿ, ಪ್ರತಿಯೊಂದರಿಂದ ಆದುದೇನೆಂದು ಬರೆಯಿರಿ.
(ಇ) ಹಾಡನ್ನು ಸಂಗ್ರಹಿಸುವವನು ಹಾಡಿದವರಿಗೆ ಏನನ್ನು ಸಲ್ಲಿಸಬೇಕು? ಚರ್ಚಿಸಿರಿ.
(ಈ) ಮನೆಯ ಹಿರಿಯರಿಂದ ಒಂದು ಹಾಡನ್ನು ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಿರಿ. ಹಾಡಿದವರ ಹೆಸರು, ಊರು, ಅವರು ಅದನ್ನು ಯಾರಿಂದ ಕಲಿತರೆಂಬುದನ್ನು ಮೇಲ್ಗಡೆಯಲ್ಲಿ ಬರೆಯಲು ಮರೆಯಬೇಡಿರಿ.