ಆಂಬುಲೆನ್ಸ್ ಬರುವವರೆಗೆ ನಾವೇನು ಮಾಡಬೇಕು?

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲೂಕುಗಳನ್ನು ದೊಡ್ಡ ರಸ್ತೆಗಳು ಸೀಳಿಕೊಂಡು ಹೋಗುತ್ತವೆ. ನೆಲಮಂಗಲದಿಂದ ತುಮಕೂರಿಗೆ, ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ, ಹೊಸಕೋಟೆಯಿಂದ ಕೋಲಾರಕ್ಕೆ, ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹಗಲುರಾತ್ರಿ ವಾಹನಗಳು ಓಡುತ್ತಲೇ ಇರುತ್ತವೆ. ಅಪಘಾತದ ಸ್ಥಳಕ್ಕೆ ಮೊದಲು ತಲುಪುವವರು ಹೆಚ್ಚಾಗಿ ನಮ್ಮ ನಿಮ್ಮಂತಹ ದಾರಿಹೋಕರೇ.

2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಬೈಕಿನಲ್ಲಿ ಹೋಗುತ್ತಿದ್ದ ಹರೀಶ್ ನಂಜಪ್ಪ ಎಂಬ ಯುವಕನ ಮೇಲೆ ಲಾರಿ ಹರಿದು ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ಆತ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಆತ ಬದುಕಲಿಲ್ಲ, ಕಣ್ಣುಗಳು ದಾನವಾದವು. ಮರುತಿಂಗಳೇ ರಾಜ್ಯ ಸರಕಾರ ಆತನ ಹೆಸರಿನಲ್ಲಿ, ಗಾಯಾಳುವಿಗೆ ಮೊದಲ 48 ಗಂಟೆ 25,000 ರೂ.ವರೆಗೆ ಉಚಿತ ಚಿಕಿತ್ಸೆ ನೀಡುವ ಯೋಜನೆ ತಂದಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವೂ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನ, 1.5 ಲಕ್ಷ ರೂ.ವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ಪ್ರಕಟಿಸಿತು. ಆದರೆ ಆಸ್ಪತ್ರೆ ತಲುಪುವವರೆಗೆ ಉಸಿರು ಉಳಿದಿದ್ದರೆ ಮಾತ್ರ ಈ ಹಣದಿಂದ ಪ್ರಯೋಜನ.

ಆಂಬುಲೆನ್ಸ್ ಎಂದರೆ ಬರೀ ಗಾಡಿಯಲ್ಲ

ಕರ್ನಾಟಕದಲ್ಲಿ 108 ‘ಆರೋಗ್ಯ ಕವಚ’ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಅದರಲ್ಲಿ ಪೈಲಟ್ ಎಂದು ಕರೆಯುವ ಚಾಲಕನ ಜೊತೆ ಇಎಂಟಿ, ಅಂದರೆ ತುರ್ತು ಚಿಕಿತ್ಸೆಯಲ್ಲಿ ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ. ಆಮ್ಲಜನಕ, ಸ್ಟ್ರೆಚರ್, ಮುರಿದ ಮೂಳೆಗೆ ಕಟ್ಟುವ ಪಟ್ಟಿಗಳೂ ಇರುತ್ತವೆ. ರೋಗಿಯನ್ನು ಕೈಕಾಲು ಹಿಡಿದು ಆಟೋದೊಳಗೆ ತುರುಕುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಇಎಂಟಿ ಕಲಿಯುವ ಮೊದಲ ಪಾಠಗಳು ಸರಳವಾಗಿವೆ. ಅವನ್ನು ನೀವೂ ಕಲಿಯಬಹುದು.

1. ಮೊದಲು ಜಾಗ ನೋಡಿ. ಓಡುವ ವಾಹನ, ವಿದ್ಯುತ್ ತಂತಿ, ಸೋರುವ ಪೆಟ್ರೋಲ್ ಇದೆಯೇ? ಸಹಾಯಕ್ಕೆ ಹೋದವರೇ ಎರಡನೇ ಗಾಯಾಳು ಆಗಬಾರದು.

2. ಕೂಡಲೇ 108ಕ್ಕೆ ಕರೆ ಮಾಡಿ. ಊರು, ರಸ್ತೆ, ಹತ್ತಿರದ ಗುರುತು, ಎಷ್ಟು ಜನಕ್ಕೆ ಗಾಯ, ಪ್ರಜ್ಞೆ ಇದೆಯೇ ಎಂಬುದನ್ನು ಹೇಳಿ. ಅವರು ಸಾಕು ಎನ್ನುವವರೆಗೆ ಫೋನ್ ಇಡಬೇಡಿ. ಒಬ್ಬರನ್ನು ಮುಖ್ಯ ರಸ್ತೆಗೆ ಕಳುಹಿಸಿ.

3. ಉಸಿರು ನೋಡಿ. ಭುಜ ತಟ್ಟಿ ಕರೆಯಿರಿ. ಮಾತಿಲ್ಲ, ಸರಿಯಾದ ಉಸಿರೂ ಇಲ್ಲವೆಂದರೆ ಎದೆಯ ನಡುವೆ ಅಂಗೈ ಇಟ್ಟು ಎರಡೂ ಕೈಗಳಿಂದ ಒತ್ತಲು ಆರಂಭಿಸಿ. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಆಮ್ಲಜನಕ ಸಿಗದೆ ನಾಲ್ಕಾರು ನಿಮಿಷ ಕಳೆದರೆ ಮೆದುಳಿಗೆ ಹಾನಿ ಶುರುವಾಗುತ್ತದೆ. ಆದ್ದರಿಂದ ಆಂಬುಲೆನ್ಸಿಗೆ ಕಾಯುತ್ತ ಸುಮ್ಮನೆ ನಿಲ್ಲಬೇಡಿ.

4. ರಕ್ತ ನಿಲ್ಲಿಸಿ. ಶುಭ್ರ ಬಟ್ಟೆ, ದುಪಟ್ಟಾ ಆದರೂ ಸರಿ, ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿಹಿಡಿಯಿರಿ. ಬಟ್ಟೆ ನೆನೆದರೆ ತೆಗೆಯದೆ ಮೇಲೆ ಇನ್ನೊಂದು ಇಡಿ. ಸುಮಾರು ಸಾವಿರ ವರ್ಷಗಳ ಹಿಂದೆಯೇ ಕೊರ್ಡೋಬಾದ ಅಬುಲ್ ಕಾಸಿಮ್ ಝಹ್ರಾವಿ ರಕ್ತನಾಳವನ್ನು ಬೆರಳಿನಿಂದ ಒತ್ತಿಹಿಡಿಯುವ ಕ್ರಮವನ್ನು ಬರೆದಿದ್ದರು. ಕಾಫಿಪುಡಿ, ಬೂದಿ, ಅರಿಶಿನ ಮೆತ್ತಬೇಡಿ.

5. ಕುತ್ತಿಗೆ ಅಲುಗಾಡಿಸಬೇಡಿ. ಬೈಕಿನಿಂದ ಬಿದ್ದವರನ್ನು ಎಳೆದು ಕೂರಿಸಬೇಡಿ, ನೀರು ಕುಡಿಸಬೇಡಿ. ವಾಂತಿ ಬಂದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಮೂರ್ನಾಲ್ಕು ಜನ ಸೇರಿ ಪಕ್ಕಕ್ಕೆ ಹೊರಳಿಸಿ.

ಮನೆಯಲ್ಲಿ ಬರುವ ಆಪತ್ತು

ಎದೆನೋವು ಬಂದು ಬೆವರುತ್ತಿರುವವರನ್ನು ಕರೆತಂದು “ಹಕೀಮ್ ಸಾಹೇಬ್ರೇ, ಗ್ಯಾಸ್ ಇರಬೇಕು, ಏನಾದರೂ ಕೊಡಿ” ಎನ್ನುವವರಿದ್ದಾರೆ. ಯೂನಾನಿ ವೈದ್ಯನಾಗಿಯೇ ಹೇಳುತ್ತೇನೆ: ಈ ಹೊತ್ತಿನಲ್ಲಿ ನನ್ನ ದವಾಖಾನೆಗೆ ಬರಬೇಡಿ. ಹೃದಯಾಘಾತ, ಪಾರ್ಶ್ವವಾಯು, ಹಾವಿನ ಕಡಿತಗಳಿಗೆ ಖಮೀರಾ, ಮಾಜೂನ್‌ಗಳಲ್ಲಿ ಉತ್ತರವಿಲ್ಲ. ರೋಗಿಯನ್ನು ನಡೆಸದೆ ಕೂರಿಸಿ 108 ಕರೆಯಿರಿ. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಯಾವಾಗ ಶುರುವಾಯಿತು ಎಂದು ಗಡಿಯಾರ ನೋಡಿಕೊಳ್ಳಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಹಾವು ಕಡಿದ ಜಾಗವನ್ನು ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕೈ ಅಥವಾ ಕಾಲು ಅಲುಗದಂತೆ ಇರಿಸಿ ಆಸ್ಪತ್ರೆಗೆ ಸಾಗಿಸಿ.

ರಮಝಾನ್‌ನಲ್ಲಿ ಸಕ್ಕರೆ ಕಾಯಿಲೆಯವರು ನಡುಗಿ, ಬೆವರಿ, ಗೊಂದಲದಿಂದ ಮಾತಾಡಿದರೆ ಸಕ್ಕರೆ ಇಳಿದಿರಬಹುದು. 70ಕ್ಕಿಂತ ಕಡಿಮೆಯಿದ್ದರೆ ಇಫ್ತಾರ್‌ಗೆ ಕಾಯದೆ ಉಪವಾಸ ಬಿಡಿಸಿ, ಸಕ್ಕರೆ ನೀರು ಕೊಡಿ. ರೋಗಿಗಳಿಗೆ ಶರೀಅತ್ ವಿನಾಯಿತಿ ನೀಡಿದೆ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು.

ಎರಡು ಹೆದರಿಕೆ

ಮೊದಲನೆಯದು ಪೊಲೀಸ್ ಕೇಸ್. ಸಹಾಯ ಮಾಡಿದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಒಪ್ಪಿಗೆ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲೂ 134ಎ ಕಲಮಿನ ಮೂಲಕ ರಕ್ಷಣೆ ಇದೆ. ನಿಮ್ಮ ಹೆಸರು ಹೇಳುವುದೂ ಕಡ್ಡಾಯವಲ್ಲ.

ಎರಡನೆಯದು, ಪರಪುರುಷನನ್ನು ಅಥವಾ ಪರಸ್ತ್ರೀಯನ್ನು ಹೇಗೆ ಮುಟ್ಟುವುದು ಎಂಬ ಸಂಕೋಚ. ಜೀವ ಹೋಗುವ ಅನಿವಾರ್ಯತೆಯಲ್ಲಿ ನಿಷಿದ್ಧವೂ ಅಗತ್ಯವಿದ್ದಷ್ಟು ಸಮ್ಮತವಾಗುತ್ತದೆ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಸಂಕೋಚದಲ್ಲಿ ಒಂದು ಜೀವ ಕಳೆದುಕೊಳ್ಳಬೇಡಿ.

ಈ ತಿಂಗಳ ಕೆಲಸ

ಮನೆಯ ಗೋಡೆಯ ಮೇಲೆ 108, ನಿಮ್ಮ ಬೀದಿಯ ಗುರುತು, ಹಿರಿಯರು ತೆಗೆದುಕೊಳ್ಳುವ ಮಾತ್ರೆಗಳ ಹೆಸರು ದೊಡ್ಡದಾಗಿ ಬರೆದು ಅಂಟಿಸಿ. ಮಕ್ಕಳಿಂದ ಒಮ್ಮೆ ಓದಿಸಿ. ಎದೆ ಒತ್ತುವುದನ್ನು ಓದಿ ಕಲಿಯಲಾಗದು, ಗೊಂಬೆಯ ಮೇಲೆ ಕೈಯಿಟ್ಟೇ ಕಲಿಯಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ನೀಡುತ್ತವೆ. ನಿಮ್ಮ ಜಮಾಅತ್‌ನವರು ಅವರನ್ನು ಒಂದು ದಿನ ಕರೆಸಲಿ. ಪುರುಷರಿಗೊಂದು ತಂಡ, ಮಹಿಳೆಯರಿಗೊಂದು ತಂಡ ಮಾಡಲಿ. ಮನೆಯಲ್ಲಿ ಹಗಲು ಆಪತ್ತು ಬಂದಾಗ ಹತ್ತಿರ ಇರುವವರು ಹೆಚ್ಚಾಗಿ ಮಹಿಳೆಯರೇ. ಆದ್ದರಿಂದ ಮೊದಲ ತರಬೇತಿ ಅವರಿಗೇ ಸಿಗಲಿ.